ಮಹಾನಗರದ ಮೇಲೆ ಅಣುಸ್ಫೋಟ: ದೇಹಕ್ಕೆ ಆಗುವುದೇನು, ನಮ್ಮಿಂದ ಆಗುವುದೇನು

ಈ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು, ಮಳೆಗಾಲದ ಜ್ವರ ಇವುಗಳನ್ನು ಕುರಿತು ಬರೆಯುವುದು ವಾಡಿಕೆ. ಈ ತಿಂಗಳು ಆ ವಾಡಿಕೆಯನ್ನು ಬಿಟ್ಟಿರುವುದಕ್ಕೆ ಕೊಳಗಲ್ಲಿನ ತಾಯಿಯೊಬ್ಬರು ಕೇಳಿದ ಪ್ರಶ್ನೆ ಕಾರಣ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದು, ಬೆಂಗಳೂರಿನಲ್ಲಿಯೂ ಸೈರನ್ ಮೊಳಗಿದ್ದನ್ನು ಅವರು ಟಿ.ವಿ.ಯಲ್ಲಿ ನೋಡಿದ್ದರು. ಅವರ ಮಗ, ಸೊಸೆ, ಮೊಮ್ಮಗಳು ಇರುವುದು ಆ ಊರಿನಲ್ಲಿಯೇ. "ಡಾಕ್ಟರೇ, ಅಂಥಾ ಬಾಂಬು ಬಿದ್ದರೆ ಅವರನ್ನು ಯಾವ ಆಸ್ಪತ್ರೆಗೆ ಸೇರಿಸಬೇಕು?" ಎಂದು ಅವರು ಕೇಳಿದರು. ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ಕಹಿಯಾದದ್ದು. ಅಂಥ ದಿನ ಮೊದಲು ಕುಸಿಯುವುದು ಆಸ್ಪತ್ರೆಯೇ. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಜಪಾನಿನ ಹಿರೋಶಿಮಾ ನಗರದ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿ ಅಣುಬಾಂಬು ಸಿಡಿಯಿತು. ಅದು ಸಿಡಿದದ್ದು ಸರಿಯಾಗಿ ಶಿಮಾ ಆಸ್ಪತ್ರೆ ಎಂಬ ಖಾಸಗಿ ಆಸ್ಪತ್ರೆಯ ನೆತ್ತಿಯ ಮೇಲೆ. ಒಳಗಿದ್ದ ರೋಗಿಗಳು, ದಾದಿಯರು ಒಬ್ಬರೂ ಉಳಿಯಲಿಲ್ಲ. ಅದರ ಒಡೆಯರಾದ ವೈದ್ಯರು ಬೇರೊಂದು ಊರಿಗೆ ಶಸ್ತ್ರಚಿಕಿತ್ಸೆಗೆಂದು ಹೋಗಿದ್ದರಿಂದ ಬದುಕಿದರು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಂಸ್ಥೆಯ ಲೆಕ್ಕದಂತೆ ನಗರದ 300 ವೈದ್ಯರಲ್ಲಿ 270 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. 1780 ದಾದಿಯರಲ್ಲಿ 1654 ಮಂದಿಯದೂ ಇದೇ ಗತಿ. ಆ ದಿನ ನಗರದಲ್ಲಿದ್ದವರು ಸುಮಾರು ಮೂರೂವರೆ ಲಕ್ಷ ಜನ. ಡಿಸೆಂಬರ್ ಅಂತ್ಯದೊಳಗೆ ಅವರಲ್ಲಿ ಸುಮಾರು 1,40,000 ಮಂದಿ ತೀರಿಕೊಂಡಿದ್ದರು.

ಇದನ್ನು ನಮ್ಮ ನೆಲಕ್ಕೆ ತಂದು ನೋಡೋಣ. ಹಿರೋಶಿಮಾದಲ್ಲಿ ಸ್ಫೋಟಬಿಂದುವಿನಿಂದ ಸುತ್ತಲೂ 2 ಕಿ.ಮೀ.ವರೆಗೆ ಬಹುತೇಕ ಎಲ್ಲವೂ ನೆಲಸಮವಾಗಿ ಸುಟ್ಟುಹೋಯಿತು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಿಂದ ಹೊರಟ ನಮ್ಮವರು ಬೆಂಗಳೂರಿನಲ್ಲಿ ಬಸ್ಸಿನಿಂದ ಇಳಿಯುವ ಮೆಜೆಸ್ಟಿಕ್ಕಿನಿಂದ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ವಿಕ್ಟೋರಿಯಾ ಆಸ್ಪತ್ರೆಯಿದೆ. ಸುಟ್ಟ ಗಾಯಗಳಿಗೆ ಹೆಸರಾದ ವಾರ್ಡು ಇರುವುದೂ ಅಲ್ಲಿಯೇ. ಜನಸಂಖ್ಯೆ ಕೋಟಿ ದಾಟಿದ ಊರದು. ಇಂದಿನ ಬಾಂಬುಗಳಲ್ಲಿ ಹಲವು ಹಿರೋಶಿಮಾದ್ದಕ್ಕಿಂತ ಹತ್ತಾರು ಪಟ್ಟು ದೊಡ್ಡವು. ಗಾಯಾಳುಗಳು ಲಕ್ಷಗಟ್ಟಲೆ ಇದ್ದಾಗ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾಗಲಿ, ಇಡೀ ರಾಜ್ಯದ ಆಸ್ಪತ್ರೆಗಳಾಗಲಿ ಸಾಲುವುದಿಲ್ಲ. ಅಣುಯುದ್ಧಕ್ಕೆ ತಡೆಯೊಂದೇ ಚಿಕಿತ್ಸೆ ಎಂದು ಸಾರಿದ ವೈದ್ಯರ ಅಂತರರಾಷ್ಟ್ರೀಯ ಸಂಘಕ್ಕೆ 1985ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದುದು ಈ ಕಾರಣಕ್ಕೆ. ಹಾಗಾದರೆ ಜೀವ ಉಳಿಸುವುದು ಯಾವುದು? ದಪ್ಪ ಗೋಡೆ, ಮೊದಲ ಒಂದೆರಡು ದಿನಗಳ ತಾಳ್ಮೆ, ಮತ್ತು ಮೊದಲೇ ತಿಳಿದಿರುವ ನಾಲ್ಕು ಮಾತು. ಇದು ಏಕೆ ಹೀಗೆ ಎಂಬುದು ತಿಳಿಯಬೇಕಾದರೆ ಸ್ಫೋಟವು ದೇಹವನ್ನು ಹೇಗೆ ತಾಗುತ್ತದೆ ಎಂಬುದನ್ನು ನೋಡಬೇಕು.

ಮೊದಲು ಬರುವುದು ಬೆಳಕು ಮತ್ತು ಶಾಖ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣ ನೀರಾಗುವುದು ಸುಮಾರು 1500 ಡಿಗ್ರಿ ಶಾಖದಲ್ಲಿ. ಹಿರೋಶಿಮಾದ ಸ್ಫೋಟಬಿಂದುವಿನ ಕೆಳಗಿನ ನೆಲ ಕ್ಷಣಮಾತ್ರ 3000ದಿಂದ 4000 ಡಿಗ್ರಿ ತಲುಪಿತು. ಹೆಂಚುಗಳ ಮೇಲ್ಮೈ ಕುದಿದು ಗುಳ್ಳೆಯೆದ್ದಿತು. ಬ್ಯಾಂಕೊಂದರ ಕಲ್ಲಿನ ಮೆಟ್ಟಿಲ ಮೇಲೆ ಕುಳಿತಿದ್ದವರ ನೆರಳು ಮಾತ್ರ ಅಚ್ಚೊತ್ತಿ ಉಳಿಯಿತು. ಸ್ವಲ್ಪ ದೂರದಲ್ಲಿದ್ದ ಹೆಂಗಸರ ಉಡುಪಿನ ಕಪ್ಪು ಚಿತ್ತಾರ ಚರ್ಮದ ಮೇಲೆ ಸುಟ್ಟು ಮೂಡಿತ್ತು. ಕಪ್ಪು ಬಟ್ಟೆ ಶಾಖವನ್ನು ಹೀರಿಕೊಂಡಿತು, ಬಿಳಿ ಬಟ್ಟೆ ಹಿಂದಕ್ಕೆ ತಳ್ಳಿತು.

ಬೆಳಕಿನ ಹಿಂದೆಯೇ ಗಾಳಿಯ ಹೊಡೆತ ಬರುತ್ತದೆ. ಇದು ಬೆಳಕಿಗಿಂತ ನಿಧಾನ. ಎರಡು ಮೂರು ಕಿ.ಮೀ. ದೂರದಲ್ಲಿದ್ದವರಿಗೆ ನಡುವೆ ಕೆಲವು ಸೆಕೆಂಡು ಸಿಗುತ್ತದೆ. ಆ ಸೆಕೆಂಡುಗಳಲ್ಲಿ ಮನುಷ್ಯ ಸಹಜವಾಗಿ ಮಾಡುವ ಕೆಲಸವೇ ಅವನಿಗೆ ಮುಳುವು: ಏನಾಯಿತೆಂದು ನೋಡಲು ಕಿಟಕಿಗೆ ಓಡುತ್ತಾನೆ. 2013ರ ಫೆಬ್ರವರಿಯಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಉಲ್ಕೆಯೊಂದು ಸಿಡಿದಾಗ ಹೀಗೆಯೇ ಆಯಿತು. ಅದು ಅಣುಬಾಂಬಲ್ಲ, ವಿಕಿರಣವೂ ಇರಲಿಲ್ಲ. ಬೆಳಕು ಕಂಡು ಕಿಟಕಿಯ ಬಳಿ ನಿಂತ ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು, ಬಹುಪಾಲು ಒಡೆದ ಗಾಜಿನಿಂದ. ಶಿಕ್ಷಕಿಯೊಬ್ಬರು ತಮ್ಮ ತರಗತಿಯ ಮಕ್ಕಳನ್ನು ಡೆಸ್ಕಿನ ಕೆಳಗೆ ಕೂರಿಸಿದ್ದರಿಂದ ಆ ಮಕ್ಕಳಿಗೆ ಏನೂ ಆಗಲಿಲ್ಲ. ಬೆಂಗಳೂರಿನಲ್ಲಿ ನಮ್ಮ ಮಕ್ಕಳು ದುಡಿಯುವ ಕಚೇರಿಗಳಿಗೆ ಗೋಡೆಗಿಂತ ಗಾಜೇ ಹೆಚ್ಚು. ಅಸಹಜ ಬೆಳಕು ಕಂಡರೆ ಕಿಟಕಿಗೆ ಬೆನ್ನು ಮಾಡಿ, ನೆಲಕ್ಕೆ ಬೋರಲು ಬಿದ್ದು, ತಲೆ ಮುಚ್ಚಿಕೊಳ್ಳಬೇಕು. ಈ ಒಂದು ಮಾತನ್ನು ದಯವಿಟ್ಟು ಅವರಿಗೆ ಹೇಳಿರಿ.

ಮೂರನೆಯದು ವಿಕಿರಣ. ಇದು ಕಣ್ಣಿಗೆ ಕಾಣದು, ವಾಸನೆಯಿಲ್ಲ, ಬಡಿದಾಗ ನೋವಿಲ್ಲ. ಹಿರೋಶಿಮಾದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಬದುಕುಳಿದ ವೈದ್ಯರಿಗೂ ಮೊದಲ ದಿನ ಇದರ ಕಲ್ಪನೆ ಇರಲಿಲ್ಲ. ನೆಲಮಾಳಿಗೆಯಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದ ಎಕ್ಸ್‌ರೇ ಫಲಕಗಳೆಲ್ಲ ತಾವಾಗಿಯೇ ಬೆಳಕು ಕಂಡಂತೆ ಹಾಳಾಗಿದ್ದುದು ಅವರಿಗೆ ಮೊದಲ ಸುಳಿವು. ಆ ಊರಿನ ಇನ್ನೊಬ್ಬ ವೈದ್ಯ ಮಿಚಿಹಿಕೊ ಹಚಿಯಾ ತಾವೇ ಗಾಯಾಳುವಾಗಿ ಮಲಗಿದ್ದು ದಿನಚರಿ ಬರೆದಿಟ್ಟರು. ಅವರ ಆಸ್ಪತ್ರೆಯಲ್ಲಿ ವಾಂತಿ, ರಕ್ತಭೇದಿಯಾದವರನ್ನು ಮೊದಲು ಆಮಶಂಕೆಯ ರೋಗಿಗಳೆಂದು ಬಗೆದು ಬೇರೆಯಿಟ್ಟಿದ್ದರು. ವೈದ್ಯನಾಗಿ ಆ ಪುಟಗಳನ್ನು ಓದುವಾಗ ನನಗೆ ಅವರ ತಪ್ಪು ತಪ್ಪೆನಿಸಲಿಲ್ಲ. ನಾನಾದರೂ ಹಾಗೆಯೇ ಬಗೆಯುತ್ತಿದ್ದೆ.

ವಿಕಿರಣವು ದೇಹದಲ್ಲಿ ಬೇಗ ಬೇಗ ಹುಟ್ಟಿ ಸಾಯುವ ಜೀವಕೋಶಗಳನ್ನು ಮೊದಲು ಹಿಡಿಯುತ್ತದೆ: ಅಸ್ಥಿಮಜ್ಜೆ, ಕರುಳಿನ ಒಳಪದರ, ಕೂದಲಿನ ಬೇರು. ಹೆಚ್ಚು ವಿಕಿರಣ ತಾಗಿದವನಿಗೆ ಕೆಲವು ಗಂಟೆಗಳಲ್ಲಿ ವಾಂತಿಯಾಗುತ್ತದೆ. ಆಮೇಲೆ ಮೋಸದ ಕಾಲವೊಂದು ಬರುತ್ತದೆ. ರೋಗಿ ಎದ್ದು ಕೂರುತ್ತಾನೆ, ಊಟ ಮಾಡುತ್ತಾನೆ, ಮನೆಯವರು ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುತ್ತಾರೆ. ಎರಡು ಮೂರು ವಾರಗಳಲ್ಲಿ ಕೂದಲು ಗೊಂಚಲು ಗೊಂಚಲಾಗಿ ಉದುರಿ, ಒಸಡಿನಲ್ಲಿ ರಕ್ತ ಬಂದು, ಚರ್ಮದ ಮೇಲೆ ನೇರಳೆ ಚುಕ್ಕೆಗಳೆದ್ದು, ಜ್ವರ ಏರುತ್ತದೆ. ಮಜ್ಜೆ ಸೊರಗಿ ಬಿಳಿ ರಕ್ತಕಣಗಳು ಇಳಿದಿರುವುದರಿಂದ ಸಣ್ಣ ಸೋಂಕೂ ಪ್ರಾಣಾಂತಕ. ಆಸ್ಪತ್ರೆಯ ಆರೈಕೆ ಇದ್ದರೆ ಇವರಲ್ಲಿ ಅನೇಕರನ್ನು ಉಳಿಸಬಹುದು. ಆದರೆ ಆಸ್ಪತ್ರೆಯ ಸ್ಥಿತಿ ಮೇಲೆ ಹೇಳಿದಂತೆ.

ಇನ್ನು ಬಹುಕಾಲದ ಪರಿಣಾಮಗಳು. ಬದುಕುಳಿದವರನ್ನೂ ಹೋಲಿಕೆಗೆಂದು ಇತರರನ್ನೂ ಸೇರಿಸಿ ಸುಮಾರು 1,20,000 ಜನರನ್ನು ದಶಕಗಳಿಂದ ವೈದ್ಯರು ಅಧ್ಯಯನ ಮಾಡುತ್ತ ಬಂದಿದ್ದಾರೆ. ರಕ್ತದ ಕ್ಯಾನ್ಸರ್ ಆರೇಳು ವರ್ಷಗಳ ಹೊತ್ತಿಗೆ ಉತ್ತುಂಗಕ್ಕೇರಿತು, ಮಕ್ಕಳಲ್ಲಿ ಹೆಚ್ಚಾಗಿ. ಎರಡು ವರ್ಷದವಳಾಗಿ ಸ್ಫೋಟಕ್ಕೆ ಸಿಕ್ಕಿದ್ದ ಸಡಾಕೊ ಸಸಾಕಿ ಎಂಬ ಬಾಲಕಿ ಇದೇ ರೋಗದಿಂದ 1955ರಲ್ಲಿ 12ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳು ಮಡಿಸಿದ ಕಾಗದದ ಕೊಕ್ಕರೆಗಳ ಕಥೆ ನಮ್ಮ ಮಕ್ಕಳಿಗೂ ತಿಳಿದಿದೆ. ಇತರ ಕ್ಯಾನ್ಸರುಗಳು ಹತ್ತು ವರ್ಷಗಳ ನಂತರ ಕಾಣಿಸಿದವು. ಸ್ಫೋಟದ ದಿನ ಎರಡರಿಂದ ನಾಲ್ಕು ತಿಂಗಳ ಗರ್ಭದಲ್ಲಿದ್ದ ಶಿಶುಗಳಲ್ಲಿ ಕೆಲವು ಸಣ್ಣ ತಲೆ, ಬುದ್ಧಿಮಾಂದ್ಯಗಳೊಂದಿಗೆ ಹುಟ್ಟಿದವು. ಆದರೆ ಸ್ಫೋಟದಿಂದ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳಲ್ಲಿ ವಂಶವಾಹಿ ದೋಷ ಹೆಚ್ಚಿದ್ದಕ್ಕೆ ಇಂದಿಗೂ ಸ್ಪಷ್ಟ ಸಾಕ್ಷ್ಯ ದೊರೆತಿಲ್ಲ. ಹಾಗಿದ್ದೂ ಜಪಾನಿನಲ್ಲಿ ಆ ಜನರಿಗೆ ಹೆಣ್ಣು ಕೊಡಲು, ಹೆಣ್ಣು ತರಲು, ಕೆಲಸ ಕೊಡಲು ಜನ ಹಿಂಜರಿದರು. ಎಷ್ಟೋ ಮಂದಿ ತಾವು ಹಿರೋಶಿಮಾದವರೆಂಬುದನ್ನೇ ಮುಚ್ಚಿಟ್ಟು ಬದುಕಿದರು. ಬಾಂಬು ಮಾಡದೆ ಬಿಟ್ಟದ್ದನ್ನು ನೆರೆಹೊರೆಯವರು ಮಾಡಿದರು. ಆ ಬದುಕುಳಿದವರ ಸಂಘವಾದ ನಿಹೊನ್ ಹಿಡಾಂಕ್ಯೊಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.

ಈಗ ಗೋಡೆಯ ಮಾತು. ಹಿರೋಶಿಮಾದಲ್ಲಿ ಸ್ಫೋಟಬಿಂದುವಿನಿಂದ ಕೇವಲ 170 ಮೀಟರ್ ದೂರದ ಕಾಂಕ್ರೀಟು ಕಟ್ಟಡದ ನೆಲಮಾಳಿಗೆಗೆ ಕಡತ ತರಲು ಇಳಿದಿದ್ದ ನೌಕರನೊಬ್ಬ ಬದುಕಿದ. ಎಂಬತ್ತು ದಾಟಿಯೂ ಬಾಳಿದ. ಮೂರು ದಿನಗಳ ಬಳಿಕ ನಾಗಸಾಕಿಯ ಮೇಲೆ ಬಿದ್ದ ಬಾಂಬು ಇನ್ನೂ ದೊಡ್ಡದಾದರೂ, ನಡುವಿನ ಗುಡ್ಡಗಳು ಅಡ್ಡಬಂದು ಊರಿನ ಒಂದು ಭಾಗವನ್ನು ಕಾಪಾಡಿದವು. ಬಳ್ಳಾರಿ ಗುಡ್ಡವನ್ನು ದಿನವೂ ನೋಡುವ ನಮಗೆ ಇದು ಅರ್ಥವಾಗದ ಮಾತಲ್ಲ.

ಬಾಂಬು ನೆಲಕ್ಕೆ ತಾಗಿ ಸಿಡಿದರೆ ಮಣ್ಣು ಧೂಳಾಗಿ ಮೇಲೇರಿ, ವಿಕಿರಣ ಹೊತ್ತು, ಗಾಳಿಯೊಡನೆ ಬಹುದೂರ ಹೋಗಿ ಇಳಿಯುತ್ತದೆ. ಕೊಳಗಲ್ಲು ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರದಲ್ಲಿದೆ. ಧೂಳು ಇಲ್ಲಿಗೆ ಬರುತ್ತದೆಯೇ? ಮುಂಗಾರಿನಲ್ಲಿ ನೆಲದ ಮೇಲೆ ಗಾಳಿ ನೈಋತ್ಯದಿಂದ ಬೀಸಿದರೂ ಬಹಳ ಎತ್ತರದಲ್ಲಿ ಪೂರ್ವದಿಂದ ಬೀಸುತ್ತಿರುತ್ತದೆ. ಆದ್ದರಿಂದ ಮರದ ಎಲೆ ಅಲ್ಲಾಡುವುದನ್ನು ನೋಡಿ ತೀರ್ಮಾನಿಸಬಾರದು. ರೇಡಿಯೋದ ಸೂಚನೆ ಕೇಳಬೇಕು. ಈ ಧೂಳಿನ ವಿಷಯದಲ್ಲಿ ಸಮಾಧಾನದ ಸಂಗತಿಯೊಂದಿದೆ. ಅದರ ತೀವ್ರತೆ ಬಹು ಬೇಗ ಇಳಿಯುತ್ತದೆ. ಸ್ಫೋಟವಾದ ಒಂದು ಗಂಟೆಗೆ ಇದ್ದದ್ದು 7 ಗಂಟೆಗೆ ಹತ್ತನೆಯ ಒಂದು ಪಾಲು, ಎರಡು ದಿನಕ್ಕೆ ನೂರನೆಯ ಒಂದು ಪಾಲು, ಎರಡು ವಾರಕ್ಕೆ ಸಾವಿರದ ಒಂದು ಪಾಲು. ಆದ್ದರಿಂದಲೇ ಮೊದಲ ದಿನ ಹೊರಗೆ ಓಡದೆ ಒಳಗೆ ಇರುವುದು ಎಲ್ಲ ಔಷಧಿಗಿಂತ ಮೇಲು. ಸುಮಾರು 9 ಸೆಂ.ಮೀ. ಗಟ್ಟಿ ಮಣ್ಣು ಈ ವಿಕಿರಣವನ್ನು ಅರ್ಧಕ್ಕಿಳಿಸುತ್ತದೆ. ನಮ್ಮ ಸೀಮೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ಕೆಡವಿ ತಗಡು ಹೊದಿಸುತ್ತಿರುವವರು ಇದನ್ನು ಗಮನಿಸಬೇಕು. ಒಂದೂವರೆ ಅಡಿಯ ಆ ಗೋಡೆಗಳು ಬೇಸಿಗೆಯಲ್ಲಿ ತಂಪು ಕೊಡುವುದಷ್ಟೇ ಅಲ್ಲ, ಇಂಥ ಹೊತ್ತಿನಲ್ಲಿ ತಗಡಿನ ಮನೆಗಿಂತ ಎಷ್ಟೋ ಮೇಲು.

ಮುಚ್ಚಿದ ಡಬ್ಬಿಯ ಧಾನ್ಯ, ಮುಚ್ಚಳವಿರುವ ತೊಟ್ಟಿಯ ನೀರು ಬಳಸಬಹುದು. ಹಾಲಿನ ವಿಷಯದಲ್ಲಿ ಎಚ್ಚರ ಬೇಕು. ಧೂಳು ಬಿದ್ದ ಹುಲ್ಲನ್ನು ದನ ಮೇದರೆ ವಿಕಿರಣಶೀಲ ಅಯೋಡಿನ್ ಹಾಲಿಗಿಳಿದು ಮಕ್ಕಳ ಥೈರಾಯ್ಡ್ ಗ್ರಂಥಿಯಲ್ಲಿ ಸೇರುತ್ತದೆ. 1986ರ ಚೆರ್ನೋಬಿಲ್ ದುರಂತದ ನಂತರ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದುದು ಮುಖ್ಯವಾಗಿ ಇದರಿಂದ. ಅದು ಬಾಂಬಲ್ಲ, ವಿದ್ಯುತ್ ಸ್ಥಾವರದ ಅಪಘಾತ. ನಮ್ಮ ಕೈಗಾ ಸ್ಥಾವರವು ಬಾಂಬಿನಂತೆ ಸಿಡಿಯುತ್ತದೆಯೇ ಎಂದು ಕೆಲವರು ಕೇಳುವುದುಂಟು. ಅಲ್ಲಿ ಉರಿಸುವ ನೈಸರ್ಗಿಕ ಯುರೇನಿಯಂ ಹಾಗೆ ಸಿಡಿಯಲಾರದು. ಅಯೋಡಿನ್ ಮಾತ್ರೆ ಥೈರಾಯ್ಡನ್ನು ಮಾತ್ರ ಕಾಯುತ್ತದೆ, ಸರ್ಕಾರ ಹೇಳಿದಾಗ ಮಾತ್ರ ನುಂಗಬೇಕು. ಅಡಿಗೆ ಉಪ್ಪನ್ನು ಹೆಚ್ಚು ತಿಂದರೆ ಬರುವುದು ರಕ್ತದೊತ್ತಡವೇ ಹೊರತು ರಕ್ಷಣೆಯಲ್ಲ.

ಬೆಂಗಳೂರಿನಿಂದ ಜನ ಹೊರಟು ಬಂದರೆ ನಮ್ಮಂಥ ಊರುಗಳ ಕೆಲಸ ಅಲ್ಲಿಂದ ಆರಂಭ. ವಿಕಿರಣದ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಂಟುವುದು ಬಟ್ಟೆ, ಕೂದಲ ಮೇಲಿನ ಧೂಳು ಮಾತ್ರ. ರಕ್ತ ಸುರಿಯುತ್ತಿದ್ದರೆ ಮೊದಲು ಅದನ್ನು ಒತ್ತಿ ನಿಲ್ಲಿಸಬೇಕು, ಧೂಳಿನ ಯೋಚನೆ ಆಮೇಲೆ. ಮೇಲಿನ ಬಟ್ಟೆಯನ್ನು ಹೊರಗೆ ಕಳಚಿಸಿ ಚೀಲದಲ್ಲಿ ಕಟ್ಟಿ ದೂರ ಇಟ್ಟರೆ ಧೂಳಿನ ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಸೋಪು ಹಚ್ಚಿ, ಚರ್ಮ ಉಜ್ಜದೆ, ಸ್ನಾನ ಮಾಡಿಸಬೇಕು. ಇಷ್ಟಲಿಂಗವನ್ನು ಅಗಲಿಸಬೇಕೇ ಎಂಬ ಅಳುಕು ಭಕ್ತರಿಗೆ ಬೇಡ. ಲಿಂಗವನ್ನೂ ಕರಡಿಗೆಯನ್ನೂ ಶುದ್ಧ ನೀರಿನಿಂದ ತೊಳೆದರೆ ಸಾಕು, ವಸ್ತ್ರ ಮತ್ತು ಶಿವದಾರವನ್ನು ಬದಲಿಸಬೇಕು. ಸುಟ್ಟ ಗಾಯಕ್ಕೆ ತಣ್ಣೀರು, ಒಗೆದ ಬಿಳಿ ಬಟ್ಟೆ ಅಷ್ಟೇ. ತುಪ್ಪ, ಅರಿಸಿನ, ಟೂತ್‌ಪೇಸ್ಟ್ ಬೇಡ. ವಿಭೂತಿ ಹಣೆಗೆ, ಗಾಯಕ್ಕೆ ಅದನ್ನೂ ಹಚ್ಚಬಾರದು. ಆಮೇಲೆ ದಾಸೋಹದ ಪಂಕ್ತಿಯಲ್ಲಿ ಎಲ್ಲರ ನಡುವೆ ಅವರನ್ನು ಕೂರಿಸಬಹುದು. ಕೂರಿಸಬೇಕು. ಅವರ ಮಕ್ಕಳ ಮದುವೆಯ ಮಾತು ಬಂದಾಗಲೂ ಈ ಸಾಲನ್ನು ನೆನಪಿಡಿರಿ.

ಮೊನ್ನೆ ಆ ತಾಯಿ ಮತ್ತೆ ಬಂದಿದ್ದರು. ಇದನ್ನೆಲ್ಲ ಸಂಕ್ಷೇಪವಾಗಿ ಹೇಳಿದೆ. ಅಲ್ಲಿಯೇ ಮಗನಿಗೆ ಫೋನ್ ಹಚ್ಚಿ, "ನಿಮ್ಮ ಬಿಲ್ಡಿಂಗಿಗೆ ನೆಲಮಾಳಿಗೆ ಐತೇನಪ್ಪ?" ಎಂದು ಕೇಳಿದರು. ಕಾರು ನಿಲ್ಲಿಸುವ ಜಾಗ ನೆಲದ ಕೆಳಗೇ ಇದೆಯಂತೆ. ಎಷ್ಟು ಮೆಟ್ಟಿಲು ಇಳಿಯಬೇಕು, ಮೊಮ್ಮಗಳ ಶಾಲೆಯಲ್ಲಿಯೂ ಹಾಗೆ ಇದೆಯೇ ಎಂದು ವಿಚಾರಿಸಿದರು. ಶಾಲೆಯದು ಅವನಿಗೆ ಗೊತ್ತಿರಲಿಲ್ಲ. ಸೋಮವಾರ ಹೋಗಿ ಕೇಳಿ ಬರುವೆನೆಂದ.