ಕೇಬಲ್ ಜಾಲದ ಮಾರಾಟ ಮತ್ತು ಸ್ಥಳೀಯ ಕಾರ್ಯಕ್ರಮಗಳ ಸಂರಕ್ಷಣೆ

ಹುಬ್ಬಳ್ಳಿ-ಧಾರವಾಡ ಸುತ್ತಲಿನ ಗ್ರಾಮಗಳಲ್ಲಿ ಕೇಬಲ್ ಜಾಲವೊಂದು ಮಾರಾಟವಾದಾಗ ತಂತಿ, ಕಂಬ ಹಾಗೂ ಚಂದಾದಾರರ ಪಟ್ಟಿ ಹೊಸ ಮಾಲೀಕರಿಗೆ ಹಸ್ತಾಂತರವಾಗುತ್ತವೆ. ಆದರೆ ಗ್ರಾಮಸಭೆಯ ಕಲಾಪ, ಊರ ಜಾತ್ರೆ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸ್ಮರಣಾರ್ಥ ಜರುಗುವ ಸಂಗೀತೋತ್ಸವ ಮುಂತಾದವುಗಳ ಪ್ರಸಾರ ಮುಂದುವರಿಯುವುದೆಂಬ ಖಾತ್ರಿ ಕಾನೂನಿನಲ್ಲಿಲ್ಲ.

ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಅಧಿನಿಯಮ, 1995ರ ಪ್ರಕರಣ 8ರಂತೆ ಅಧಿಸೂಚಿತ ದೂರದರ್ಶನ ವಾಹಿನಿಗಳ ಪ್ರಸಾರ ಕಡ್ಡಾಯ. ಮಾಲೀಕರು ಬದಲಾದರೂ ಅದು ತಪ್ಪದು. ಸ್ಥಳೀಯ ವಾಹಿನಿಗೆ ಅಂಥ ರಕ್ಷಣೆಯಿಲ್ಲ. ಹಿಂದೆ ಊರಿನ ನಿರ್ವಾಹಕನು ತನ್ನ ಕೊಠಡಿಯಿಂದಲೇ ಕಾರ್ಯಕ್ರಮವನ್ನು ತಂತಿಗೆ ಸೇರಿಸುತ್ತಿದ್ದನು. ಡಿಜಿಟಲೀಕರಣದ ತರುವಾಯ ಅದು ದೊಡ್ಡ ಸಂಸ್ಥೆಯ ಹೆಡ್‌ಎಂಡ್ ಮೂಲಕವೇ ಸೆಟ್‌ಟಾಪ್ ಬಾಕ್ಸ್ ತಲುಪಬೇಕು. ಇಂಥ ವಾಹಿನಿಗಳ ಸಂಖ್ಯೆ ಒಟ್ಟು ಸಾಮರ್ಥ್ಯದ ಶೇ. 5ನ್ನು ಮೀರಬಾರದೆಂದು 2022ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಅದೇ ಮಾರ್ಗಸೂಚಿಯಂತೆ ಮುದ್ರಿಕೆಗಳನ್ನು 90 ದಿನ ಕಾಯ್ದಿರಿಸಿದರೆ ಸಾಕು. ಅನಂತರ ಅಳಿಸಿದರೂ ಪ್ರಶ್ನಿಸುವಂತಿಲ್ಲ.

ಕಂಬ ನೆಡಲು ಅನುಮತಿ ನೀಡುವಾಗಲೇ ಪಂಚಾಯಿತಿಯು ಕಾರ್ಯಕ್ರಮದ ಷರತ್ತು ವಿಧಿಸಬಹುದಲ್ಲವೇ ಎಂದು ತೋರುವುದು ಸಹಜ. ಆದರೆ ಪ್ರಕರಣ 4ಬಿ ಅನ್ವಯ ಷರತ್ತುಗಳು ವೆಚ್ಚ, ಅವಧಿ, ಕಾಮಗಾರಿಯ ವಿಧಾನ ಮತ್ತು ಕಾಮಗಾರಿಗೆ ಸಂಬಂಧಿಸಿದ ವಿಷಯಗಳಿಗೆ ಸೀಮಿತ. ಪ್ರಕರಣ 19ರಡಿ ಅಧಿಕೃತ ಅಧಿಕಾರಿಯು ಕಾರ್ಯಕ್ರಮ ಸಂಹಿತೆ ಮೀರಿದ ಪ್ರಸಾರವನ್ನು ನಿಷೇಧಿಸಬಹುದು. ಉತ್ತಮವಾದುದನ್ನು ಮುಂದುವರಿಸೆಂದು ಆಜ್ಞಾಪಿಸಲಾರರು. ಅಮೆರಿಕದಲ್ಲಿ 1984ರ ಕಾಯ್ದೆಯು ಸಾರ್ವಜನಿಕ, ಶೈಕ್ಷಣಿಕ ಹಾಗೂ ಆಡಳಿತ ವಾಹಿನಿಗಳನ್ನು ಕೇಳುವ ಅಧಿಕಾರವನ್ನು ಪರವಾನಗಿ ನೀಡುವ ಸ್ಥಳೀಯ ಸಂಸ್ಥೆಗೇ ಕೊಟ್ಟಿದೆ. ನಮ್ಮಲ್ಲಿ ಹಾಗಿಲ್ಲ.

ಆದ್ದರಿಂದ ಉಳಿಯುವ ಮಾರ್ಗ ಒಪ್ಪಂದವೊಂದೇ, ಅದೂ ಮಾರಾಟಕ್ಕೆ ಮುನ್ನ. ವಾಹಿನಿಯ ಸ್ಥಾನ ಹಾಗೂ ವಾರದ ಪ್ರಸಾರಾವಧಿಯನ್ನು ಮಾರುವವರು ತಮ್ಮ ಕರಾರಿನಲ್ಲಿ ಕಾಣಿಸಬೇಕು. ಹಳೆಯ ಮುದ್ರಿಕೆಗಳ ವಿಷಯ ಇನ್ನೂ ಸೂಕ್ಷ್ಮ. ಹಾರ್ಡ್ ಡಿಸ್ಕ್ ಕೈಸೇರಿದ ಮಾತ್ರಕ್ಕೆ ಕೃತಿಸ್ವಾಮ್ಯ ದೊರೆಯುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಅವಧಿ ನಮೂದಿಸದಿದ್ದರೆ ಅದು 5 ವರ್ಷವೆಂದೇ ಪರಿಗಣಿತ. ಹಾಡಿದವರ, ಆಡಿದವರ ಹಕ್ಕು ಬೇರೆಯೇ ಇದ್ದು, ಅವರ ಒಪ್ಪಿಗೆಯನ್ನೂ ಪಡೆಯುವುದು ಲೇಸು.

ಗ್ರಾಮಸಭೆಯ ಚಿತ್ರೀಕರಣವನ್ನು ಪಂಚಾಯಿತಿಯೇ ಹಣ ನೀಡಿ ಮಾಡಿಸಿದ್ದಲ್ಲಿ, ಅದರ ಪ್ರತಿಯೊಂದನ್ನು ಪಡೆದು ದಿನಾಂಕಸಹಿತ ದಾಖಲಿಸಿ ಗ್ರಂಥಾಲಯದ ಅರಿವು ಕೇಂದ್ರದಲ್ಲಿ ಇರಿಸತಕ್ಕದ್ದು. ನಿರ್ವಾಹಕರು ಮಾರಾಟದ ಮಾತುಕತೆ ಆರಂಭಿಸುವವರೆಗೆ ಇದನ್ನು ಮುಂದೂಡಿದರೆ, ಡಿಸ್ಕುಗಳು ಅಷ್ಟರಲ್ಲಿ ಯಾರ ಕಪಾಟಿನಲ್ಲಿರುತ್ತವೆಯೋ ಹೇಳಲಾಗದು.