ಕೀ ಕೊಟ್ಟ ಮಾತ್ರಕ್ಕೆ ಗಾಡಿ ಮಾರಿದಂತಾಗದು

ರಾಂಪುರದಿಂದ ಹೊರಟ ಕಾರು ಬಳ್ಳಾರಿ ಮುಟ್ಟುವಷ್ಟರಲ್ಲಿ ಎರಡು ಸಲ ಗಡಿ ದಾಟುತ್ತದೆ. ರಾಷ್ಟ್ರೀಯ ಹೆದ್ದಾರಿ 150ಎ ನಡುವೆ ಆಂಧ್ರದ ಡಿ. ಹಿರೇಹಾಳ್ ಸೀಮೆಯನ್ನು ಹಾದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಮೊಳಕಾಲ್ಮುರಿನವರಿಗೆ ರಾಯದುರ್ಗವೂ ಪಕ್ಕದ್ದೇ. ಸಂತೆ, ಆಸ್ಪತ್ರೆ, ಬೀಗತನ ಎಲ್ಲವೂ ಗಡಿಯ ಎರಡೂ ಕಡೆ ಇರುವ ಈ ಸೀಮೆಯಲ್ಲಿ ಗಾಡಿಗಳೂ ಹಾಗೆಯೇ ಕೈ ಬದಲಾಯಿಸುತ್ತವೆ. ಕೆಎ 16 ನಂಬರಿನ ಬೈಕು ರಾಯದುರ್ಗದ ನೆಂಟರ ಮನೆ ಸೇರುತ್ತದೆ. ಎಪಿ 02 ನಂಬರಿನ ಹಳೆಯ ಕಾರು ಚಳ್ಳಕೆರೆಯ ಶೇಂಗಾ ವ್ಯಾಪಾರಿಯ ಮನೆ ಮುಂದೆ ನಿಲ್ಲುತ್ತದೆ. ಹಣ ಎಣಿಸುತ್ತಾರೆ, ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಕೀ ಕೊಡುತ್ತಾರೆ. ಆರ್‌ಸಿಯಲ್ಲಿ ಮಾತ್ರ ಹಳೆಯ ಹೆಸರೇ ವರ್ಷಗಟ್ಟಲೆ ಉಳಿದಿರುತ್ತದೆ.

ಹೊಲ ಮಾರಿದವರು, ಕೊಂಡವರು ಪಹಣಿಯಲ್ಲಿ ಹೆಸರು ಬದಲಾಗುವವರೆಗೆ ನಿದ್ದೆ ಮಾಡುವುದಿಲ್ಲ. ಗಾಡಿಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ಯಾಕೆಂದರೆ ಕಾನೂನಿನ ಕಣ್ಣಿಗೆ ಮಾಲೀಕನೆಂದರೆ ಆರ್‌ಸಿಯಲ್ಲಿ ಹೆಸರಿರುವವನು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಅಲ್ಲಿ ಕಾರು 2007ರಲ್ಲೇ ಮಾರಾಟವಾಗಿ, ಕೈಯಿಂದ ಕೈಗೆ ಹಲವರ ಬಳಿ ಓಡಾಡಿ, 2009ರಲ್ಲಿ ಅಪಘಾತ ಮಾಡಿತ್ತು. ಆರ್‌ಸಿ ಮಾತ್ರ ಮೊದಲ ಮಾಲೀಕನ ಹೆಸರಿನಲ್ಲೇ ಇತ್ತು. ಪರಿಹಾರದ ಹೊಣೆ ಅವನ ಮೇಲೆಯೇ ಬಿತ್ತು. ಬಾಂಡ್ ಪೇಪರ್ ಮೇಲೆ ಬರೆಸಿಕೊಂಡ ಕರಾರು ಮಾರಿದವನ ಮತ್ತು ಕೊಂಡವನ ನಡುವಿನ ಮಾತು. ಅಪಘಾತದಲ್ಲಿ ನೊಂದವರ ಎದುರು ಅದು ನಿಮ್ಮನ್ನು ಕಾಯುವುದಿಲ್ಲ. ಹದಿನಾರರ ಹುಡುಗ ನಿಮ್ಮ ಹಳೆಯ ಬೈಕು ಓಡಿಸಿ ಸಿಕ್ಕಿಬಿದ್ದರೂ ನೋಟಿಸ್ ಬರುವುದು ಆರ್‌ಸಿ ಮಾಲೀಕರಿಗೆ. ಅಪ್ರಾಪ್ತರ ಚಾಲನೆಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು ಮೋಟಾರು ವಾಹನ ಕಾಯ್ದೆಯ 199ಎ ಕಲಂ ಹೇಳುತ್ತದೆ.

ಮಾತು ಕೊಡುವ ಮೊದಲು

ಕೊಳ್ಳುವವರು ಗಾಡಿಯ ಬಣ್ಣ ನೋಡುವ ಮುಂಚೆ ನಂಬರ್ ನೋಡಲಿ. ಪರಿವಾಹನ್ ಪೋರ್ಟಲ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿಯ ದಿನ, ಇನ್ಶೂರೆನ್ಸ್ ಮತ್ತು ಎಫ್‌ಸಿ ಅವಧಿ, ಸಾಲವಿದ್ದರೆ ಫೈನಾನ್ಸ್ ಕಂಪನಿಯ ಹೆಸರು ತಿಳಿಯುತ್ತದೆ. ಬಾಕಿ ಇ-ಚಲನ್‌ಗಳನ್ನು ಬೇರೆಯಾಗಿ ನೋಡಬೇಕು. ಬೆಂಗಳೂರಿನಲ್ಲಿ ಓಡಿದ ಗಾಡಿಯಾದರೆ ಸಿಗ್ನಲ್ ಕ್ಯಾಮೆರಾದ ದಂಡಗಳು ಸಾಲುಗಟ್ಟಿರಬಹುದು. ರಾಜ್ಯ ಸರ್ಕಾರ 2023ರಲ್ಲಿ, ಮತ್ತೆ 2025ರಲ್ಲಿ ಹಳೆಯ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತು. ಮುಂದೆಯೂ ಬರುತ್ತದೆ ಎಂದು ಕಾಯುವುದು ಬೇಡ. ಬಾಕಿಯನ್ನು ಮಾರುವವರಿಂದಲೇ ಕಟ್ಟಿಸಿ.

ಆಮೇಲೆ ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಮೀಟರ್ ತಿರುಗಿಸಿದ್ದಾರೆಯೇ ಎಂಬ ಅನುಮಾನವಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಳೆಯ ಸರ್ವಿಸ್ ದಾಖಲೆ ಕೇಳಿ. ಮಾರುವವರು ಜೊತೆಗೆ ಬಂದರೆ ಕೊಡುತ್ತಾರೆ. ಬರಲು ಹಿಂಜರಿದರೆ ಅದೂ ಒಂದು ಉತ್ತರವೇ. ಗಣಿ ಕಡೆ ಓಡಿದ ಗಾಡಿಯಾದರೆ ಕೆಂಪು ಧೂಳು ಸೀಟಿನ ಕೆಳಗೆ, ಡೋರಿನ ರಬ್ಬರಿನ ಸಂದಿಯಲ್ಲಿ ಕೂತಿರುತ್ತದೆ. ತೊಳೆದ ಮೇಲೂ ಅಲ್ಲಿ ಉಳಿಯುವುದರಿಂದ ಕೈಹಾಕಿ ನೋಡಿ.

ಬೆಲೆ ಮಾತಾಡುವಾಗ ಇವತ್ತಿನ ಹೊಸ ಗಾಡಿಯ ದರ ಕೈಯಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಮೀರದ, 1200 ಸಿಸಿವರೆಗಿನ ಪೆಟ್ರೋಲ್ ಕಾರು ಮತ್ತು 1500 ಸಿಸಿವರೆಗಿನ ಡೀಸೆಲ್ ಕಾರಿಗೆ ಮೊದಲಿದ್ದ ಶೇ 28 ಮತ್ತು ಸೆಸ್ ಹೋಗಿ ಶೇ 18 ಆಯಿತು. 350 ಸಿಸಿವರೆಗಿನ ಬೈಕಿಗೂ ಶೇ 18. ಟ್ರ್ಯಾಕ್ಟರಿಗೆ ಶೇ 12 ಇದ್ದದ್ದು ಶೇ 5ಕ್ಕೆ ಇಳಿಯಿತು. ಹೊಸದು ಅಗ್ಗವಾದರೆ ಹಳೆಯದರ ಬೆಲೆಯೂ ಇಳಿಯಲೇಬೇಕು. ಹಿಂದಿನ ದರಕ್ಕೆ ಗಾಡಿ ಹಿಡಿದಿಟ್ಟ ಸಣ್ಣ ವ್ಯಾಪಾರಿಗಳಿಗೆ ಇದರಿಂದ ನಿಜವಾದ ಪೆಟ್ಟು ಬಿದ್ದಿದೆ, ಅವರ ಕಷ್ಟ ಅರ್ಥವಾಗುವಂಥದ್ದೇ. ಆದರೂ ಹಳೆಯ ದರದ ಲೆಕ್ಕದಲ್ಲಿ ನೀವು ಕೊಳ್ಳಬೇಕಿಲ್ಲ.

ಹದಿನೈದು ವರ್ಷದ ಹತ್ತಿರ ಬಂದ ಗಾಡಿ ಅಗ್ಗಕ್ಕೆ ಸಿಗುತ್ತದೆ. ಅದರ ಮುಂದಿನ ಖರ್ಚನ್ನೂ ಸೇರಿಸಿಕೊಳ್ಳಿ. ಆರ್‌ಸಿ ನವೀಕರಣಕ್ಕೆ ಕಾರಿಗೆ 5,000, ಬೈಕಿಗೆ 1,000 ರೂಪಾಯಿ ಶುಲ್ಕವಿದೆ. ತಡವಾದ ಪ್ರತಿ ತಿಂಗಳಿಗೆ ಕಾರಿಗೆ 500, ಬೈಕಿಗೆ 300 ಹೆಚ್ಚುವರಿ. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ ಈ ಶುಲ್ಕ ಇಮ್ಮಡಿಯಾಗಿದೆ.

ಹೆಸರು ಬದಲಾಯಿಸುವ ಕ್ರಮ

ಸಾಲ ತೀರಿದೆ ಎನ್ನುವುದು ಸಾಲದು, ಆರ್‌ಸಿಯಿಂದ ಫೈನಾನ್ಸ್ ಹೆಸರು ಹೋಗಿರಬೇಕು. ಬ್ಯಾಂಕ್ ಅಥವಾ ಫೈನಾನ್ಸ್ ಸಹಿ ಹಾಕಿದ ಫಾರಂ 35 ಮತ್ತು ಎನ್‌ಒಸಿ ತಂದು ಎಚ್‌ಪಿ (ಸಾಲದ ನಮೂದು) ಕ್ಯಾನ್ಸಲ್ ಮಾಡಿಸುವ ಕೆಲಸ ಮಾರುವವರದ್ದು. ಎನ್‌ಒಸಿಯ ಮೇಲೆ ಅವಧಿ ಬರೆದಿದ್ದರೆ ಅದು ಮುಗಿಯುವ ಮೊದಲೇ ಕೊಡಿ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿರುವುದನ್ನೂ ಈ ಹಂತದಲ್ಲೇ ಖಚಿತಪಡಿಸಿಕೊಳ್ಳಿ.

ನಂತರ ಫಾರಂ 29 ಮತ್ತು 30. ಮೊದಲನೆಯದು ಮಾರಿದ್ದೇನೆಂದು ಮಾಲೀಕ ಕೊಡುವ ತಿಳಿವಳಿಕೆ, ಎರಡನೆಯದು ಹೆಸರು ಬದಲಾವಣೆಗೆ ಅರ್ಜಿ. ಗಾಡಿ ಅದೇ ರಾಜ್ಯದ್ದಾಗಿದ್ದರೆ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ ಗಡುವು. ಹೊರರಾಜ್ಯದ್ದಾದರೆ ಮಾರಿದವರಿಗೆ 45 ದಿನ. ಖಾಲಿ ಫಾರಂಗೆ ಸಹಿ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ, ಗಾಡಿ ಕೈಬದಲಾದ ಹೊತ್ತು ಎಲ್ಲವನ್ನೂ ತುಂಬಿದ ಮೇಲೆ ಸಹಿ ಹಾಕಿ, ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಖಾಲಿ ಫಾರಂ ಇದ್ದರೆ ಬ್ರೋಕರ್ ಗಾಡಿಯನ್ನು ಮೂರನೆಯವರಿಗೂ ನಾಲ್ಕನೆಯವರಿಗೂ ದಾಟಿಸಬಹುದು. ಅಷ್ಟು ದಿನವೂ ಹೊಣೆ ನಿಮ್ಮದೇ.

ಅರ್ಜಿ ಆನ್‌ಲೈನ್‌ನಲ್ಲೇ ಶುರುವಾಗುತ್ತದೆ. ಎಷ್ಟೋ ಅರ್ಜಿಗಳು ನಿಂತುಹೋಗುವುದು ಒಟಿಪಿಯಲ್ಲಿ. ದಾಖಲೆಯಲ್ಲಿರುವುದು ಮಾಲೀಕರು ಎಂದೋ ಬಿಟ್ಟ ಮೊಬೈಲ್ ನಂಬರ್ ಆಗಿರುತ್ತದೆ, ಇಲ್ಲವೇ ಗಾಡಿ ಕೊಂಡಾಗ ಶೋರೂಮಿನವರು ಹಾಕಿದ ನಂಬರ್. ಆದ್ದರಿಂದ ಮಾರುವವರು ಮೊದಲು ಮೊಬೈಲ್ ನಂಬರ್ ತಿದ್ದಿಸಿ, ಆಮೇಲೆ ಗಿರಾಕಿ ಹುಡುಕಲಿ. ಹೆಸರು ಬದಲಾವಣೆಯ ಮೂಲ ಶುಲ್ಕ ಬೈಕಿಗೆ 150, ಕಾರಿಗೆ 300 ರೂಪಾಯಿ. ಆರ್‌ಸಿ ಕಾರ್ಡ್ ಮತ್ತಿತರ ಸೇವಾ ವೆಚ್ಚ ಬೇರೆ. ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ ಎಂದು ಏಜೆಂಟರಿಗೆ ಕೊಡುವವರನ್ನು ತಪ್ಪು ಎನ್ನಲಾರೆ. ಏಜೆಂಟರಿಂದ ಅರ್ಜಿಯ ನಂಬರ್ ಮತ್ತು ಸರ್ಕಾರಿ ಶುಲ್ಕದ ರಸೀದಿಯನ್ನಾದರೂ ಕೇಳಿ ಪಡೆಯಿರಿ.

ಗಡಿಯಾಚೆಯ ಗಾಡಿ

ಆಂಧ್ರ ನಂಬರಿನ ಗಾಡಿಯಲ್ಲಿ ನೆಂಟರ ಮನೆಗೆ ಬಂದುಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅದನ್ನು ಕೊಂಡು ಇಲ್ಲಿಯೇ ಇಟ್ಟುಕೊಳ್ಳುವುದು ಬೇರೆ ಮಾತು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟ ಗಾಡಿಗೆ ಅಲ್ಲಿನ ಹೊಸ ನಂಬರ್ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಮೊದಲು ನೋಂದಣಿಯಾದ ಕಚೇರಿಯಿಂದ ಫಾರಂ 28ರ ಎನ್‌ಒಸಿ ಬೇಕು; ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನು ಅದರ ಮೇಲೆ ತೆಗೆಯಬೇಕು. ಎನ್‌ಒಸಿ ಬಂದ ಮೇಲೆ ಇಲ್ಲಿ ಫಾರಂ 27 ಮತ್ತು ಕರ್ನಾಟಕದ ಜೀವಿತಾವಧಿ ತೆರಿಗೆ.

ಆ ತೆರಿಗೆಯೇ ಲೆಕ್ಕ ತಪ್ಪಿಸುವುದು. ನಮ್ಮ ರಾಜ್ಯದಲ್ಲಿ ಅದು ದೇಶದಲ್ಲೇ ಹೆಚ್ಚಿನ ದರಗಳ ಸಾಲಿನದ್ದು. ಗಾಡಿ ಹಳೆಯದಾದಂತೆ ಕಡಿಮೆಯಾಗುತ್ತದಾದರೂ, ಮೂರ್ನಾಲ್ಕು ವರ್ಷದ ಕಾರಿಗೆ ಬರುವ ಮೊತ್ತ ಅಗ್ಗಕ್ಕೆ ಸಿಕ್ಕಿತೆಂಬ ಸಂತೋಷವನ್ನು ಪೂರ್ತಿ ನುಂಗಬಹುದು. ಮುಂಗಡ ಕೊಡುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ತೆರಿಗೆಯ ಮೊತ್ತ ಕೇಳಿ. ಮೊದಲ ರಾಜ್ಯದಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಲು ಅವಕಾಶವಿದೆ, ಆದರೆ ಇಲ್ಲಿ ನೋಂದಣಿಯಾದ ದಾಖಲೆ ತೋರಿಸಿದ ನಂತರ. ಆ ಹಣ ಯಾರಿಗೆ ಸೇರಬೇಕೆಂದು ಮಾತುಕತೆಯ ದಿನವೇ ಬರೆದುಕೊಳ್ಳಿ.

ವ್ಯಾಪಾರಿಯ ಮೂಲಕವಾದರೆ

2023ರ ಏಪ್ರಿಲ್ 1ರಿಂದ ಹಳೆಯ ಗಾಡಿ ವ್ಯಾಪಾರಿಗಳಿಗೆ ಕೇಂದ್ರದ ಹೊಸ ನಿಯಮ ಜಾರಿಯಲ್ಲಿದೆ. ಆರ್‌ಟಿಒದಿಂದ ಐದು ವರ್ಷದ ಅಧಿಕೃತ ಪತ್ರ ಪಡೆದ ವ್ಯಾಪಾರಿಗೆ ಗಾಡಿ ಒಪ್ಪಿಸುವಾಗ ಫಾರಂ 29ಸಿ ದಾಖಲಿಸಬೇಕು. ಅಲ್ಲಿಂದ ಆ ಗಾಡಿಗೆ ಅವರೇ ಮಾಲೀಕರೆಂದು ಪರಿಗಣಿತರು, ಅಪಘಾತವಾದರೂ ಹೊಣೆ ಅವರದೇ. ಎನ್‌ಒಸಿ, ಎಫ್‌ಸಿ, ಹೆಸರು ಬದಲಾವಣೆಗೆ ಅವರೇ ಅರ್ಜಿ ಹಾಕಬಹುದು. ಮಾರುವವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇದು ವ್ಯಾಪಾರಿಗೂ ಒಳ್ಳೆಯದು: ಮಾಲೀಕರ ಒಟಿಪಿಗಾಗಿ ಅಲೆಯುವುದು ತಪ್ಪುತ್ತದೆ. ಹೆದ್ದಾರಿ ಪಕ್ಕ ನಾಲ್ಕು ಕಾರು ನಿಲ್ಲಿಸಿಕೊಂಡ ಎಲ್ಲರ ಬಳಿಯೂ ಈ ಪತ್ರ ಇರುತ್ತದೆಂದು ತಿಳಿಯಬೇಡಿ, ಕೇಳಿ ನೋಡಿ.

ಹಳೆಯ ಕಾರಿಗೂ ಶೇ 18 ಜಿಎಸ್‌ಟಿ ಎಂಬ ಸುದ್ದಿ 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನ ಜಿಎಸ್‌ಟಿ ಮಂಡಳಿ ಸಭೆಯ ನಂತರ ಹಬ್ಬಿ ಹಲವರು ಗಾಬರಿಯಾಗಿದ್ದರು. ಅದು ನೋಂದಾಯಿತ ವ್ಯಾಪಾರಿಯ ಲಾಭದ ಅಂತರಕ್ಕೆ ಮಾತ್ರ. 3 ಲಕ್ಷಕ್ಕೆ ಕೊಂಡು 3.40 ಲಕ್ಷಕ್ಕೆ ಮಾರಿದರೆ 40,000ಕ್ಕೆ ಲೆಕ್ಕ, ಅಂದರೆ 7,200 ರೂಪಾಯಿ. ನಿಮ್ಮ ಮನೆಯ ಕಾರನ್ನು ನೀವೇ ಇನ್ನೊಬ್ಬರಿಗೆ ಮಾರಿದರೆ ಈ ತೆರಿಗೆ ಇಲ್ಲ.

ಇನ್ಶೂರೆನ್ಸ್ ಮರೆಯಬೇಡಿ

ಇಲ್ಲಿ ಸ್ವಲ್ಪ ನಿಂತು ಓದಿ. ಗಾಡಿ ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಕಂಪನಿಗೆ ಅರ್ಜಿ ಕೊಡಬೇಕು. ಮೂರನೆಯವರಿಗೆ ಆಗುವ ಹಾನಿಯ ವಿಮೆ ಗಾಡಿಯ ಜೊತೆಗೇ ಬಂದಂತೆ ಕಾನೂನು ಪರಿಗಣಿಸುತ್ತದೆ. ನಿಮ್ಮ ಗಾಡಿಯೇ ನುಜ್ಜುಗುಜ್ಜಾದರೆ, ಪಾಲಿಸಿ ಹಳೆಯ ಹೆಸರಿನಲ್ಲಿದ್ದಾಗ ಕ್ಲೇಮ್ ಸಿಗುವುದಿಲ್ಲ. ನೋ ಕ್ಲೇಮ್ ಬೋನಸ್ ಮಾರಿದವರದ್ದು. ಅವರು ಪತ್ರ ಪಡೆದು ತಮ್ಮ ಮುಂದಿನ ಗಾಡಿಗೆ ಬಳಸಬಹುದು, ಕೊಂಡವರು ವ್ಯತ್ಯಾಸ ಕಟ್ಟಬೇಕು.

ಎಲ್ಲಕ್ಕಿಂತ ದುಃಖದ ಸಂಗತಿ ಇನ್ನೊಂದಿದೆ. ಮಾಲೀಕ-ಚಾಲಕರಿಗೆಂದು ಇರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವವರಿಗೆ. ತೀರಿಹೋದ ತಂದೆಯ ಹೆಸರಿನ ಬೈಕಿನಲ್ಲಿ ಮಗ ದಿನವೂ ಕೆಲಸಕ್ಕೆ ಹೋಗುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ! ಅವನಿಗೆ ಏನಾದರೂ ಆದರೆ ಮನೆಯವರ ಕೈಗೆ ಆ ಹಣ ಬರುವುದಿಲ್ಲ. ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಮರಣ ಪ್ರಮಾಣಪತ್ರದೊಂದಿಗೆ ಫಾರಂ 31 ಕೊಟ್ಟು ಹೆಸರು ಮಾಡಿಸಿಕೊಳ್ಳಬೇಕು. ದುಃಖದ ದಿನಗಳಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ. ಹತ್ತಿರದವರು ನೆನಪಿಸಿ, ಕಾಗದ ಹೊಂದಿಸಲು ಜೊತೆಗೆ ಹೋಗಿ.

ಈಗಾಗಲೇ ಮಾರಿಬಿಟ್ಟಿದ್ದರೆ

ಹಳೆಯ ಗಾಡಿಗಳ ನಂಬರ್ ನೆನಪು ಮಾಡಿಕೊಂಡು ಇವತ್ತೇ ಎಂಪರಿವಾಹನ್‌ನಲ್ಲಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮುಚ್ಚಿದ್ದರೂ ನಿಮ್ಮದೋ ಅಲ್ಲವೋ ಗೊತ್ತಾಗುತ್ತದೆ. ನಿಮ್ಮದೇ ಇದ್ದರೆ ಕೊಂಡವರಿಗೆ ಫೋನ್ ಮಾಡಿ, ಅರ್ಜಿ ಹಾಕಿಸಿ. ಅವರು ಸ್ಪಂದಿಸದಿದ್ದರೆ ಮಾರಾಟದ ದಿನಾಂಕ, ಕೊಂಡವರ ವಿವರ, ಕರಾರಿನ ಪ್ರತಿಯೊಂದಿಗೆ ನೋಂದಣಿ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಅದೇ ಪತ್ರವನ್ನು ಕೊಂಡವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಗಾಡಿ ಎಲ್ಲಿದೆಯೆಂದೇ ತಿಳಿಯದಿದ್ದರೆ ಪೊಲೀಸ್ ಠಾಣೆಗೂ ಒಂದು ದೂರು ಕೊಡಿ. ಗಾಡಿಗೆ ಅಂಟಿಸಿದ್ದ ನಿಮ್ಮ ಫಾಸ್ಟ್ಯಾಗ್ ಇನ್ನೂ ಚಾಲ್ತಿಯಲ್ಲಿದ್ದರೆ ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಮುಚ್ಚಿಸುವ ಮೊದಲು ಅದರ ಟೋಲ್ ಪಟ್ಟಿಯನ್ನು ತೆಗೆದಿಟ್ಟುಕೊಳ್ಳಿ. ಗಾಡಿ ಯಾವ ದಾರಿಯಲ್ಲಿ ಓಡುತ್ತಿದೆ ಎಂಬುದು ಅದರಲ್ಲಿ ಸಿಗುತ್ತದೆ, ದೂರಿನ ಜೊತೆ ಲಗತ್ತಿಸಬಹುದು.