ಒಂದೇ ಕೆಲಸ, ಮೂರು ಬರವಣಿಗೆ: ಪಾಸ್‌ವರ್ಡ್ ಪ್ರೋಗ್ರಾಂ ಹೋಲಿಕೆಯ ಪಾಠ

ತರಗತಿ: 9 ಅವಧಿ: 40 ನಿಮಿಷ
ಪೂರ್ವಜ್ಞಾನ: ಪೈಥಾನ್‌ನಲ್ಲಿ ಲೂಪ್, ಸ್ಟ್ರಿಂಗ್, ಫಂಕ್ಷನ್
ಉದ್ದೇಶ: ಒಂದೇ ಬಗೆಯ ಫಲಿತಾಂಶ ಕೊಡುವ ಪ್ರೋಗ್ರಾಂಗಳಲ್ಲಿ ಯಾವುದು ಉತ್ತಮ ಎಂದು ಕಾರಣಸಹಿತ ಹೇಳುವುದು

ಪಾಠದ ಬೆಳವಣಿಗೆ

ಎಂಟು ಅಕ್ಷರಗಳ ಪಾಸ್‌ವರ್ಡ್ ತಯಾರಿಸುವ ಮೂರು ಪ್ರೋಗ್ರಾಂಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮೂರರಲ್ಲೂ ಇಂಗ್ಲಿಷಿನ 26 ದೊಡ್ಡಕ್ಷರ, 26 ಸಣ್ಣಕ್ಷರ, 10 ಅಂಕಿ ಸೇರಿ ಒಟ್ಟು 62 ಚಿಹ್ನೆಗಳಿವೆ.

ಮೊದಲನೆಯದು ಖಾಲಿ ಸ್ಟ್ರಿಂಗ್‌ಗೆ ಫಾರ್ ಲೂಪ್‌ನಲ್ಲಿ ‘ರ‍್ಯಾಂಡಮ್’ ಲೈಬ್ರರಿಯ ‘ಚಾಯ್ಸ್’ ಮೂಲಕ ಒಂದೊಂದೇ ಅಕ್ಷರ ಸೇರಿಸುತ್ತದೆ. ಎರಡನೆಯದು ಅದೇ ಲೈಬ್ರರಿಯ ‘ಸ್ಯಾಂಪಲ್’ ಬಳಸಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಮೂರನೆಯದು ಉದ್ದವನ್ನು ಬದಲಿಸಬಹುದಾದ ಒಂದು ಫಂಕ್ಷನ್; ಅಕ್ಷರಗಳನ್ನು ‘ಸೀಕ್ರೆಟ್ಸ್’ ಲೈಬ್ರರಿಯ ‘ಚಾಯ್ಸ್’ನಿಂದ ಆರಿಸುತ್ತದೆ.

ಯಾವುದು ಉತ್ತಮ ಎಂದು ಕೇಳಿದಾಗ ಹೆಚ್ಚಿನವರು ಎರಡನೆಯದಕ್ಕೆ ಕೈಯೆತ್ತಿದರು. ಕಾರಣ: “ಚಿಕ್ಕದಾಗಿದೆ, ಮಿಸ್.”

ಆಗ ಸೂಟ್‌ಕೇಸಿನ ಮೂರಂಕಿಯ ಬೀಗವನ್ನು ಉದಾಹರಣೆಯಾಗಿ ತೆಗೆದುಕೊಂಡೆವು. ಅಂಕಿ ಮರಳಿ ಬರಬಹುದಾದರೆ 10×10×10 = 1000 ಸಾಧ್ಯತೆ; ಬರಬಾರದೆಂದರೆ 10×9×8 = 720 ಮಾತ್ರ. ಸ್ಯಾಂಪಲ್ ಒಮ್ಮೆ ತೆಗೆದ ಅಕ್ಷರವನ್ನು ಮತ್ತೆ ತೆಗೆಯುವುದಿಲ್ಲ. ಎಂಟು ಅಕ್ಷರಗಳಿಗೆ ಮೊದಲ ಪ್ರೋಗ್ರಾಂ ಸುಮಾರು 218 ಲಕ್ಷ ಕೋಟಿ ಸಾಧ್ಯತೆ ಕೊಟ್ಟರೆ, ಎರಡನೆಯದು ಸುಮಾರು 136 ಲಕ್ಷ ಕೋಟಿ. ಊಹಿಸುವವನ ಕೆಲಸ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಗುರವಾಯಿತು ಎಂದು ಮಕ್ಕಳೇ ಲೆಕ್ಕ ಹಾಕಿದರು.

ಇನ್ನೊಂದು ವ್ಯತ್ಯಾಸ ಲೆಕ್ಕಕ್ಕೂ ಸಿಗುವುದಿಲ್ಲ. ರ‍್ಯಾಂಡಮ್ ಲೈಬ್ರರಿ ‘ಮರ್ಸೆನ್ ಟ್ವಿಸ್ಟರ್’ ಎಂಬ ಸೂತ್ರದಿಂದ ಸಂಖ್ಯೆ ಹುಟ್ಟಿಸುತ್ತದೆ. ಅದರ 32 ಬಿಟ್‌ನ 624 ಸಂಖ್ಯೆಗಳನ್ನು ಸಾಲಾಗಿ ಕಂಡವರು ಮುಂದಿನದನ್ನು ಹೇಳಬಲ್ಲರು. ಆಟಕ್ಕೆ, ಸಂಖ್ಯಾಶಾಸ್ತ್ರದ ಪ್ರಯೋಗಕ್ಕೆ ಅದು ಸಾಕು, ಗುಟ್ಟಿಗೆ ಸಾಲದು. ಆದ್ದರಿಂದಲೇ 2016ರಲ್ಲಿ ಪೈಥಾನ್ 3.6ಕ್ಕೆ ಸೀಕ್ರೆಟ್ಸ್ ಸೇರಿತು. ಅದು ಆಪರೇಟಿಂಗ್ ಸಿಸ್ಟಂನಿಂದ ಯಾದೃಚ್ಛಿಕತೆಯನ್ನು ಪಡೆಯುತ್ತದೆ.

ಮೌಲ್ಯಮಾಪನ

“ಮೊದಲ ಪ್ರೋಗ್ರಾಂನ ಲೂಪ್ ಉಳಿಸಿಕೊಂಡೇ ಸುರಕ್ಷಿತಗೊಳಿಸಿ” ಎಂಬ ಪ್ರಶ್ನೆ ಕೊಟ್ಟೆ. ರ‍್ಯಾಂಡಮ್ ಇದ್ದಲ್ಲೆಲ್ಲ ಸೀಕ್ರೆಟ್ಸ್ ಎಂದು ಬರೆದರೆ ಸಾಕು. ಲೂಪ್ ಬರೆಯುವುದು ದೋಷವಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಅವಲೋಕನ

ಮೂರೂ ಪ್ರೋಗ್ರಾಂಗಳನ್ನು ಓಡಿಸಿದರೆ ಪರದೆಯ ಮೇಲೆ ಒಂದೇ ತೆರನಾದ ಎಂಟು ಅಕ್ಷರ ಕಾಣುತ್ತವೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಔಟ್‌ಪುಟ್ ನೋಡಿ ಮಾತ್ರ ಅಂಕ ಕೊಟ್ಟರೆ ಮೂವರಿಗೂ ಪೂರ್ಣ ಅಂಕ ಸಿಗುತ್ತದೆ, ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಐದು ಅಂಕಗಳಲ್ಲಿ ಎರಡನ್ನು “ಈ ವಿಧಾನವನ್ನೇ ಏಕೆ ಆರಿಸಿದೆ?” ಎಂಬ ಒಂದು ವಾಕ್ಯದ ಉತ್ತರಕ್ಕೆ ಮೀಸಲಿಡಬೇಕೆಂದು ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸುತ್ತೇನೆ.